ನಾಲ್ಕು ಬೆರಳು

ಎಸ್ತೇರಮ್ಮ ಮೇಡಂ ಅವರ ಚೀಲದಲ್ಲಿ
ಸ್ಟೆತಸ್ಕೋಪಿನ ಪಕ್ಕ ಒಂದು ದರ್ಜಿಯ ಟೇಪು.
ಹಳದಿ. ತುದಿಯ ತಗಡು ಉದುರಿ
ಮೊದಲ ಇಂಚು ಹಿಂಜಿಹೋಗಿತ್ತು;
ಅವರ ಅಳತೆಯೆಲ್ಲ ಒಂದರಿಂದ ಶುರು,
ಆಮೇಲೆ ಒಂದು ಕಳೆಯುವುದು.

ನಾವು ಎರಡನೇ ವರ್ಷದವರು, ಹದಿನಾಲ್ಕು ಹುಡುಗಿಯರು,
ರಾಯಚೂರಿನಿಂದ ದೇವದುರ್ಗದ ಕಡೆ ಹೋಗುವ ಬಸ್ಸಿನಲ್ಲಿ
ಬಿಳಿ ಏಪ್ರನ್ ಮಡಚಿ ತೊಡೆಯ ಮೇಲಿಟ್ಟುಕೊಂಡು
ಬಾಯಿಪಾಠ ಮಾಡುತ್ತಿದ್ದೆವು:
ಆರೋಗ್ಯ ಸಮಾನತೆ ಎಂದರೇನು, ನಾಲ್ಕು ಅಂಕ.
ಮೇಡಂ ಕಿಟಕಿಯಾಚೆ ನೋಡುತ್ತಲೇ
"ಪುಸ್ತಕ ಮುಚ್ಚರಿ, ಕಣ್ಣು ತಗೀರಿ" ಅಂದರು.

ಉಪಕೇಂದ್ರದ ಮೆಟ್ಟಿಲ ಮೇಲೆ ಸಾಲು.
ಹತ್ತಿ ಬಿಡಿಸಿ ಬಂದ ಕೈಗಳು, ಉಗುರಿನ ಬುಡದಲ್ಲಿ ಒಣ ಸೀಳು.
ಒಳಗಿನ ಅಕ್ಕ ಒಬ್ಬೊಬ್ಬರನ್ನೇ ಕೂಗಿ
ರಕ್ತದ ಗುಳಿಗೆ ಕೊಡುತ್ತಿದ್ದಳು.
ಕೆಲವರಿಗೆ ಅಂಗೈಯಲ್ಲಿಟ್ಟು.
ಕೆಲವರಿಗೆ ಮೇಲಿನಿಂದ.

ಮೇಡಂ ಬೈಯಲಿಲ್ಲ. ಸುಮ್ಮನೆ ಟೇಪು ಸುತ್ತುತ್ತಿರುವವರ ಹಾಗೆ
ಮೇಜಿನ ಪಕ್ಕ ನಿಂತು, ನಡುನಡುವೆ ಬರೆದುಕೊಂಡರು:
ಆದೆಮ್ಮ, ಬಸುರಿ, ಆರು ತಿಂಗಳು, ಐದು ಇಂಚು.
ಶಾಣಮ್ಮ, ಬಾಣಂತಿ, ಏಳು.
ರಾಜಮಾ ಬೀ, ಕೆಮ್ಮು, ಎರಡೂವರೆ.
ಗೌಡರ ಮನೆಯ ಸೊಸೆಗೆ ಟೇಪೇ ಬೇಕಾಗಲಿಲ್ಲ;
ಕುರ್ಚಿ, ನೀರು, ಮುಂಗೈ ಹಿಡಿದು "ಸುಸ್ತೇನವಾ?"

ಹೀಗೆ ಮೂವತ್ತೊಂದು ಊರು, ಮೂರು ಬೇಸಿಗೆ.
ಸೂಜಿ ಚುಚ್ಚುವಾಗ ತೋಳು ಹಿಡಿಯುತ್ತಾರೋ ಇಲ್ಲವೋ,
ನೋವು ಬಂದವಳು ಒಳಗೋ, ಬೇವಿನ ಕಟ್ಟೆಯ ಮೇಲೋ,
ಎಲ್ಲಕ್ಕೂ ಒಂದೊಂದು ಕಾಲಂ.
ಜಿಲ್ಲಾ ಸಭೆಯಲ್ಲಿ ದೊಡ್ಡ ಸಾಹೇಬರೊಬ್ಬರು ನಕ್ಕರಂತೆ:
"ಬಿಪಿಗೆ ಮಷೀನು ಅದ, ಸಕ್ಕರಿಗೆ ಅದ,
ಇದಕ್ಕ ಯಾವ ಮಷೀನ್ರೀ ಮೇಡಂ?"
ಗೋಡಂಬಿ ತಟ್ಟೆ ಆಚೆ ಸರಿಸಿ
ಮೇಡಂ ಟೇಪನ್ನು ಮೇಜಿನುದ್ದಕ್ಕೂ ಬಿಚ್ಚಿದರಂತೆ.
"ತೀನ್ ಕಂದೀಲ್ ಹತ್ರ ಸಿಗ್ತದ್ರೀ. ಹತ್ತು ರೂಪಾಯಿ."

ಇದನ್ನು ಹೇಳಿ ಹೇಳಿ ಹಾಸ್ಟೆಲಿನಲ್ಲಿ ನಕ್ಕೆವು.
ನಾನು ಎಲ್ಲರಿಗಿಂತ ಜೋರಾಗಿ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಪಾಳಿ.
ಸಾಲಿನಲ್ಲಿ ಆದೆಮ್ಮ, ಕಂಕುಳಲ್ಲಿ ಕೂಸು.
ತೂಕ ಬರೆದೆ, "ಅವ್ವಾ" ಅಂದೆ,
"ಉಂಡ ಮ್ಯಾಲ ತಗೋ, ಚಾದ ಜೋಡಿ ಬ್ಯಾಡ" ಅಂದೆ,
ನಕ್ಕೆ ಕೂಡ.
ಸಂಜೆ ನನ್ನ ಹಾಳೆಯ ಕೆಳಗೆ, ಅಂಕ ಬರೆಯುವ ಜಾಗದಲ್ಲಿ
ಮೇಡಂ ಅಕ್ಷರ: ಮೂರು ಇಂಚು.
ನನ್ನ ಬೆರಳು ಜೋಡಿಸಿ ನೋಡಿದೆ. ಸರಿಯಾಗಿ ನಾಲ್ಕು.

ಯಾರು ಕಲಿಸಿದ್ದು ಈ ಕೈಗೆ?
ಅವ್ವ ಕೂಲಿಯವರಿಗೆ ಮಜ್ಜಿಗೆ ಹೊಯ್ಯುವಾಗ
ಸೆರಗು ಹಿಡಿದು ನಿಂತಿರುತ್ತಿದ್ದೆ, ಅಷ್ಟೇ.
ಯಾರೂ ಏನೂ ಹೇಳಿರಲಿಲ್ಲ.
ಚೊಂಬು ಮೇಲೆ, ಬೊಗಸೆ ಕೆಳಗೆ,
ನಡುವೆ ಬೆಳ್ಳಗೆ ಒಂದು ಧಾರೆ.
ಬಿಸಿಲಿಗೆ ಅದು ಹೊಳೆಯುತ್ತಿತ್ತು. ನನಗೆ ಚಂದ ಕಾಣುತ್ತಿತ್ತು.

ಈಗ ಅದೇ ಉಪಕೇಂದ್ರಕ್ಕೆ ನಾನೇ ಅಕ್ಕ.
ಮೇಡಂ ಕೊಟ್ಟ ಟೇಪು ಕಪಾಟಿನ ಮೊಳೆಗೆ ತೂಗುತ್ತದೆ.
ಮೊನ್ನೆ ಗುರುವಾರ ಆದೆಮ್ಮನ ಮಗಳು ಬಂದಳು,
ಹತ್ತನೇ ಕ್ಲಾಸು, ನಾಲಿಗೆ ಸುಣ್ಣದ ಹಾಗೆ.
ಬೆರಳಿಗೆ ಬೆರಳು ತಾಗುವಷ್ಟು ಕೈ ಇಳಿಸಿದೆ.
ಅಂಗೈಯನ್ನು ಅಷ್ಟೇ ಕೆಳಗೆ ಎಳೆದುಕೊಂಡಳು.
ಇನ್ನೂ ಇಳಿಸಿದೆ. ಅವಳೂ.
ಗುಳಿಗೆ ಜಾರಿ, ನೆಲಕ್ಕೆ ಬಿದ್ದು, ಎಲ್ಲೋ ಉರುಳಿತು.
"ತಪ್ಪಾತ್ರೀ ಅಕ್ಕಾ" ಅಂದಳು, ಅವಳು.
ಇನ್ನೊಂದನ್ನು ಮೇಜಿನ ಮೇಲಿಟ್ಟೆ.
ಎತ್ತಿಕೊಂಡು ಹೋದಳು.

ರಾತ್ರಿ ಫೋನಿನಲ್ಲಿ ಮೇಡಂ ಬಹಳ ಹೊತ್ತು ಮಾತಾಡಲಿಲ್ಲ.
ಹಿಂದೆ ಫ್ಯಾನಿನ ಸದ್ದು, ಯಾರದೋ ಟೀವಿ.
"ಅದನ್ನೂ ಅಳತಿ ಮಾಡವಾ" ಅಂದರು ಕೊನೆಗೆ.
"ಆದ್ರ ಆಕಿ ಹೆಸರಿನ ಮುಂದ ಬ್ಯಾಡ.
ನಿನ್ನ ಹೆಸರಿನ ಮುಂದ ಬರಿ. ನಂದೂ ಬರಿ."

ಬಿದ್ದ ಗುಳಿಗೆ ಮರುದಿನ ಕಸಬರಿಗೆಗೆ ಸಿಕ್ಕಿತು,
ತೂಕದ ಯಂತ್ರದ ಕೆಳಗೆ,
ಒಂದು ಮಗ್ಗುಲು ಬಣ್ಣ ಹೋಗಿ.